ಕ್ಯಾಲ್ಕುಲೇಟರಿನ ಮೂರನೇ ಖಾನೆ

ಸಾಲದ ಯಾವ ಆನ್‌ಲೈನ್ ಕ್ಯಾಲ್ಕುಲೇಟರ್ ತೆರೆದರೂ ಮೂರು ಖಾನೆ ಇರುತ್ತವೆ. ಎಷ್ಟು ಸಾಲ, ಎಷ್ಟು ಬಡ್ಡಿ, ಎಷ್ಟು ತಿಂಗಳು. ಮೊದಲ ಎರಡರ ಬಗ್ಗೆ ನಾವು ಬೇಕಾದಷ್ಟು ತಲೆ ಕೆಡಿಸಿಕೊಳ್ಳುತ್ತೇವೆ. ಮೂರನೆಯದನ್ನು ಯಾರೂ ಪ್ರಶ್ನೆ ಮಾಡೋದಿಲ್ಲ. ಸಂಬಳ ತಿಂಗಳಿಗೊಮ್ಮೆ, ಬಾಡಿಗೆ ತಿಂಗಳಿಗೊಮ್ಮೆ, ಹಾಗಾಗಿ ಕಂತೂ ತಿಂಗಳಿಗೊಮ್ಮೆ. ಅದರಲ್ಲಿ ಕೇಳೋದು ಎಂತದು?

ಮನೆಖರ್ಚಿನ ಬಜೆಟ್ಟು ಮತ್ತು ಸಾಲ ತೀರಿಸುವ ಲೆಕ್ಕ ಎರಡನ್ನೂ ಒಟ್ಟಿಗೆ ತೋರಿಸುವ ಒಂದು ಸಣ್ಣ ಕ್ಯಾಲ್ಕುಲೇಟರನ್ನು ಗೆಳೆಯರ ಜೊತೆ ಸೇರಿ ನಾನು ನೋಡಿಕೊಳ್ಳುತ್ತೇನೆ. ಅದನ್ನು ಅಪ್‌ಡೇಟ್ ಮಾಡುವ ಕೆಲಸ ಶುರುವಾದಾಗ ಬೆಳ್ತಂಗಡಿ ಕಡೆಯ ನನ್ನ ಅತ್ತೆಗೆ ಒಮ್ಮೆ ತೋರಿಸಿದೆ. ಅವರು ಮೊದಲ ಖಾನೆಯಲ್ಲೇ ನಿಂತರು. "ಇದರಲ್ಲಿ ತಿಂಗಳ ಸಂಬಳ ಎಷ್ಟು ಅಂತ ಉಂಟು. ನಮಗೆ ಸಂಬಳ ಎಂತದು ಮಾರಾಯ? ಅಡಕೆ ಮಾರಿದ ದಿನವೇ ಸಂಬಳ."

ಮಾತು ಸರಿಯಾಗಿತ್ತು. ತಿಂಗಳು ಅನ್ನೋದು ಸಂಬಳದವರ ಅಳತೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸುತ್ತಮುತ್ತ ಕಳೆದ ಇನ್ನೂರು ವರ್ಷಗಳಲ್ಲಿ ಜನ ತಾವು ಕೊಡಬೇಕಾದ್ದನ್ನು ಬೆಳೆಗೊಮ್ಮೆ ಕೊಟ್ಟಿದ್ದಾರೆ, ದಿನಕ್ಕೆ ಎರಡಾಣೆಯಂತೆ ಉಳಿಸಿದ್ದಾರೆ, ವಾರಕ್ಕೊಮ್ಮೆ ಕಟ್ಟಿದ್ದಾರೆ, ಈಗ ತಿಂಗಳ 5ನೇ ತಾರೀಕಿಗೆ ಕಟ್ಟುತ್ತಿದ್ದಾರೆ. ಈ ಮೂರನೇ ಖಾನೆ ಬದಲಾದಾಗಲೆಲ್ಲ ಯಾರಿಗೆ ಸಾಲ ಸಿಗುತ್ತದೆ, ಯಾರು ಮುಳುಗುತ್ತಾರೆ ಅನ್ನೋದೂ ಬದಲಾಗಿದೆ. ಆ ಕಥೆ ನಮ್ಮ ಊರಿನದ್ದೇ. ಬೆಂಗಳೂರಲ್ಲಿ ಕೂತು ಇಎಂಐ ಕಟ್ಟುವವರಿಗೂ ಅದರಿಂದ ಉಪಯೋಗ ಉಂಟು.

ಮುಡಿಯ ಲೆಕ್ಕ

ನಮ್ಮ ಕಡೆ ಹಳೆಯ ಲೆಕ್ಕವೆಲ್ಲ ಅಕ್ಕಿಯದ್ದು. ಬೈಹುಲ್ಲಿನಲ್ಲಿ ಬಿಗಿಯಾಗಿ ಸುತ್ತಿ ಕಟ್ಟಿದ ಉಂಡೆ, ಅದೇ ಮುಡಿ. 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಅಂದ್ರೆ 42 ಸೇರು. ತುಳುನಾಡಿನ ದಾನಶಾಸನಗಳಲ್ಲಿ ಬಸದಿಗೋ ದೇವಸ್ಥಾನಕ್ಕೋ ಬಿಟ್ಟುಕೊಟ್ಟ ಭೂಮಿಯಿಂದ ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಬರಬೇಕು ಅಂತ ಬರೆದಿರುತ್ತದೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ಕಟ್ಟಿದ್ದು 1430ರಲ್ಲಿ. ಅಂಥ ದೊಡ್ಡ ಬಸದಿಗಳ ದೀಪ, ನೈವೇದ್ಯ ನಡೆದದ್ದು ಇಂಥ ಗದ್ದೆಯ ಹುಟ್ಟುವಳಿಯ ಮೇಲೆಯೇ.

ಒಕ್ಕಲು ಧಣಿಗೆ ಕೊಡುವ ಗೇಣಿಯೂ ಮುಡಿಯಲ್ಲೇ. ಅದರಲ್ಲಿ ಎರಡು ಮುಖ್ಯ ಬಗೆ. ಮೂಲಗೇಣಿ ಅಂದ್ರೆ ಖಾಯಂ ಒಕ್ಕಲುತನ, ಗೇಣಿಯೂ ಖಾಯಂ. ತಲೆಮಾರು ಕಳೆದರೂ ಅದೇ ಮುಡಿ. ಚಾಲಗೇಣಿ ಅಂದ್ರೆ ವರ್ಷದಿಂದ ವರ್ಷಕ್ಕೆ, ಧಣಿಯ ಮರ್ಜಿ ಇರುವಷ್ಟು ದಿನ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಮೊದಲನೆಯದು ಫಿಕ್ಸೆಡ್ ರೇಟ್, ಎರಡನೆಯದು ಫ್ಲೋಟಿಂಗ್. ದರ ಏರಿಸುವ ಹಕ್ಕು ಧಣಿಯ ಹತ್ತಿರ, ಬೇಡ ಅನ್ನುವ ಹಕ್ಕು ಒಕ್ಕಲಿನ ಹತ್ತಿರ ಇಲ್ಲ.

ಈ ಪದ್ಧತಿಯಲ್ಲಿ ಅನ್ಯಾಯ ಬೇಕಾದಷ್ಟಿತ್ತು. ಆದರೆ ಒಂದು ವಿಷಯ ಗಮನಿಸಿ: ಕೊಡುವ ದಿನ ಮತ್ತು ಬೆಳೆ ಬರುವ ದಿನ ಹೊಂದಿಕೊಂಡಿದ್ದವು. ಏಣೆಲು, ಸುಗ್ಗಿ, ಕೊಳಕೆ ಅಂತ ಬೆಳೆಗಳಿದ್ದವು. ಗದ್ದೆ ಕೊಯ್ದ ಮೇಲೆ ಗೇಣಿ ಅಳೆಯೋದು. ಬೆಳೆದ ವಸ್ತುವನ್ನೇ ಕೊಡೋದರಿಂದ ಮಾರುಕಟ್ಟೆಯ ಬೆಲೆ ಬಿದ್ದರೂ ಒಕ್ಕಲಿಗೆ ನೇರ ಪೆಟ್ಟಿಲ್ಲ. ಮಳೆ ಕೈಕೊಟ್ಟರೆ ಪೆಟ್ಟು ಇದ್ದೇ ಇತ್ತು. 1923ರ ನೆರೆಯಂಥದ್ದು ಬಂದರೆ ಕೇಳೋದೇ ಬೇಡ. ಆ ವರ್ಷ ನೇತ್ರಾವತಿ ಬಂಟ್ವಾಳ ಪೇಟೆಯನ್ನೇ ಮುಳುಗಿಸಿತ್ತು.

ಅಕ್ಕಿ ಹೋಗಿ ರೊಕ್ಕ ಬಂದಾಗ

1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಕಂಪನಿ ಸರ್ಕಾರದ ಕೈಗೆ ಬಂತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಕಂದಾಯವನ್ನು ನಗದಾಗಿ, ವಾಯಿದೆಗೆ ಸರಿಯಾಗಿ ವಸೂಲಿ ಮಾಡುವ ಆಡಳಿತ ಗಟ್ಟಿಯಾಯಿತು. ಇದರ ಬಿಸಿ ಎಷ್ಟು ತಟ್ಟಬಹುದು ಅಂತ ಗೊತ್ತಾದದ್ದು 1830ರ ದಶಕದಲ್ಲಿ. 1834ರಲ್ಲಿ ಕೊಡಗಿನ ಅರಸೊತ್ತಿಗೆಯನ್ನು ಕಿತ್ತು ಹಾಕಿದ ಕಂಪನಿ, ಅಮರ ಸುಳ್ಯದಂಥ ಘಟ್ಟದ ಕೆಳಗಿನ ಪ್ರದೇಶಗಳನ್ನು ಕೆನರಾಕ್ಕೆ ಸೇರಿಸಿತು. ಕೊಡಗಿನ ಅರಸರ ಕಾಲದಲ್ಲಿ ಅಲ್ಲಿಯವರು ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡುತ್ತಿದ್ದರು. ಈಗ ನಗದು ಕೊಡಿ ಅಂದರು.

ಕೇಳೋದಕ್ಕೆ ಸಣ್ಣ ಬದಲಾವಣೆ. ಆದರೆ ಬೆಳೆಯನ್ನು ನಗದು ಮಾಡಬೇಕಾದರೆ ವ್ಯಾಪಾರಿ ಬೇಕು. ಎಲ್ಲರೂ ಒಂದೇ ಹೊತ್ತಿಗೆ ಮಾರಲು ನಿಂತರೆ ಬೆಲೆ ಬೀಳುತ್ತದೆ. ಮಾರುವ ಮೊದಲೇ ವಾಯಿದೆ ಬಂದರೆ ಸಾಲ ಮಾಡಬೇಕು. 1837ರ ಬಂಡಾಯಕ್ಕೆ, ಅಂದ್ರೆ ಜನರ ಬಾಯಲ್ಲಿ 'ಕಲ್ಯಾಣಪ್ಪನ ಕಾಟಕಾಯಿ' ಆದದ್ದಕ್ಕೆ, ಹಲವು ಕಾರಣಗಳಿದ್ದವು. ಈ ನಗದು ಕಂದಾಯ ಅವುಗಳಲ್ಲಿ ಮುಖ್ಯವಾದ ಒಂದು. ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಬೆಳ್ಳಾರೆಯ ಖಜಾನೆ ಹಿಡಿದು, ಪುತ್ತೂರು, ಬಂಟ್ವಾಳ ದಾಟಿ ಏಪ್ರಿಲ್ 5ರಂದು ಮಂಗಳೂರು ತಲುಪಿ ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿತು. ಎರಡು ವಾರದೊಳಗೆ ಕಂಪನಿ ಸೈನ್ಯ ಅದನ್ನು ಅಡಗಿಸಿತು, ಮುಂದಾಳುಗಳನ್ನು ಗಲ್ಲಿಗೇರಿಸಿತು.

ಕೊಡುವ ಮೊತ್ತದಷ್ಟೇ ಕೊಡುವ ರೂಪ ಮತ್ತು ಕೊಡುವ ದಿನವೂ ಮುಖ್ಯ ಅನ್ನೋದಕ್ಕೆ ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಕಾಣೋದಿಲ್ಲ.

ನಗದು ಬಂದ ಮೇಲೆ ಬಡ್ಡಿಯ ಭಾಷೆಯೂ ಬಂತು. ಊರಲ್ಲಿ ಈಗಲೂ 'ಎರಡು ರೂಪಾಯಿ ಬಡ್ಡಿ', 'ಮೂರು ರೂಪಾಯಿ ಬಡ್ಡಿ' ಅಂತಾರಲ್ಲ, ಅದು ನೂರಕ್ಕೆ ತಿಂಗಳಿಗೆ. ವರ್ಷಕ್ಕೆ ಶೇ. 24, ಶೇ. 36. 'ಎರಡು' ಅಂದಾಗ ಹಗುರವಾಗಿ ಕೇಳುತ್ತದೆ, 'ಇಪ್ಪತ್ನಾಲ್ಕು' ಅಂದಾಗ ಎದೆ ಧಸಕ್ ಅನ್ನುತ್ತದೆ. ದರವನ್ನು ಯಾವ ಅವಧಿಗೆ ಹೇಳುತ್ತಾರೆ ಅನ್ನೋದರಲ್ಲೇ ಅರ್ಧ ವ್ಯಾಪಾರ ಮುಗಿದಿರುತ್ತದೆ. ಇನ್ನರ್ಧ, ಪುಸ್ತಕ ಯಾರ ಕೈಲಿದೆ ಅನ್ನೋದು. ಶಿವರಾಮ ಕಾರಂತರ 'ಚೋಮನ ದುಡಿ' ಕಾದಂಬರಿಯಲ್ಲಿ ಕಾಫಿ ತೋಟದ ಸಾಲ ತೀರಿಸಲು ಚೋಮನ ಮಕ್ಕಳು ಘಟ್ಟ ಹತ್ತಬೇಕಾಗುತ್ತದೆ. ದುಡಿದರೂ ಸಾಲ ಇಳಿಯೋದಿಲ್ಲ. ಚೋಮನಿಗೆ ಆ ಪುಸ್ತಕ ಓದಲು ಬರೋದಿಲ್ಲ, ತೋಟದ ರೈಟರ್ ಹೇಳಿದ್ದೇ ಬಾಕಿ.

ಕಾನೂನು ಲೆಕ್ಕ ತಿದ್ದಿದ ವರ್ಷ

ಪುಸ್ತಕವನ್ನು ಸಾಲ ಮಾಡುವವರ ಕೈಗೇ ಕೊಟ್ಟರೆ? ಸಹಕಾರಿ ಸಂಘದ ಯೋಚನೆ ಅದೇ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾನೂನು ಬಂತು. ಪುತ್ತೂರಿನ ವಕೀಲ ಮೊಳಹಳ್ಳಿ ಶಿವರಾಯರು 1909ರಲ್ಲಿ ಅಲ್ಲಿ ಪತ್ತಿನ ಸಂಘ ಕಟ್ಟಿದರು. 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕ್ ಹುಟ್ಟಿದ್ದೂ ಪುತ್ತೂರಿನಲ್ಲೇ, ಆಮೇಲೆ ಅದು ಮಂಗಳೂರಿಗೆ ಹೋಯಿತು. ಇವತ್ತಿಗೂ ನಮ್ಮ ಊರಿನ ರೈತ 'ಸೊಸೈಟಿಗೆ ಹೋಗಿ ಬರ್ತೇನೆ' ಅಂದರೆ ಅದು ಈ ಮರದ ಕೊಂಬೆಯೇ. ಸೊಸೈಟಿಯ ಬೆಳೆಸಾಲಕ್ಕೆ ತಿಂಗಳ ಕಂತಿಲ್ಲ. ವರ್ಷದ ಕೊನೆಗೆ ಒಮ್ಮೆ ಕಟ್ಟಿ ಮತ್ತೆ ತೆಗೆಯೋದು. ಮುಡಿಯ ಲೆಕ್ಕದ ಒಂದು ಒಳ್ಳೆಯ ಗುಣ ಇಲ್ಲಿ ಉಳಿದುಕೊಂಡಿತು.

ಆದರೆ ಸಾಹುಕಾರರ ಹಳೆಯ ಸಾಲ ಹಾಗೆಯೇ ಇತ್ತು. 1930ರ ಸುಮಾರಿಗೆ ಜಗತ್ತೆಲ್ಲ ಬೆಲೆ ಕುಸಿಯಿತು. ಬೆಳೆಯ ಬೆಲೆ ಅರ್ಧಕ್ಕೆ ಬಂದರೆ, ರೂಪಾಯಿಯಲ್ಲಿ ಬರೆದ ಸಾಲ ತಾನಾಗಿ ದುಪ್ಪಟ್ಟಾದ ಹಾಗೆ. ನೂರು ರೂಪಾಯಿ ತೀರಿಸಲು ಮೊದಲು ಹತ್ತು ಮುಡಿ ಸಾಕಾಗಿದ್ದರೆ ಈಗ ಇಪ್ಪತ್ತು ಬೇಕು. ಆಗ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದಲ್ಲಿತ್ತು. ರಾಜಾಜಿಯವರ ಸರ್ಕಾರ 1938ರಲ್ಲಿ ಕೃಷಿಕರ ಋಣ ಪರಿಹಾರ ಕಾನೂನು ತಂದಿತು. ಅದರ ಎರಡು ಸಾಲು ಓದಿದರೆ ನನ್ನಂಥ ಕೋಡ್ ಬರೆಯುವವನಿಗೆ ಖುಷಿಯಾಗುತ್ತದೆ, ಅಷ್ಟು ಚೊಕ್ಕ ಲಾಜಿಕ್. ಒಂದು, 1932ರ ಅಕ್ಟೋಬರ್ 1ಕ್ಕಿಂತ ಮೊದಲು ಮಾಡಿದ ಸಾಲಕ್ಕೆ 1937ರ ಅಕ್ಟೋಬರ್ 1ರ ತನಕ ಬಾಕಿ ನಿಂತ ಬಡ್ಡಿ ಸೊನ್ನೆ. ಎರಡು, ಅಂಥ ಸಾಲಕ್ಕೆ ಅಸಲೋ ಬಡ್ಡಿಯೋ ಯಾವ ಹೆಸರಲ್ಲಾದರೂ ಅಸಲಿನ ಎರಡರಷ್ಟು ಕೊಟ್ಟಾಗಿದ್ದರೆ ಸಾಲ ಪೂರ್ತಿ ತೀರಿತು.

ಬಡ್ಡಿ ಅಸಲನ್ನು ಮೀರಬಾರದು ಅನ್ನುವ 'ದಾಮದುಪ್ಪಟ್ಟು' ನಮ್ಮ ಹಳೆಯ ಧರ್ಮಶಾಸ್ತ್ರಗಳಲ್ಲೇ ಇತ್ತು. ಸಣ್ಣ ಮತ್ತು ಅತಿಸಣ್ಣ ರೈತರ ಅಲ್ಪಾವಧಿ ಸಾಲಕ್ಕೆ ಬ್ಯಾಂಕು ಹಾಕುವ ಒಟ್ಟು ಬಡ್ಡಿ ಅಸಲನ್ನು ಮೀರಬಾರದು ಅಂತ ರಿಸರ್ವ್ ಬ್ಯಾಂಕ್ ಕೂಡ ಹೇಳಿದೆ. ಅಂದ್ರೆ ಸಾಲದ ಸೂತ್ರ ಗಣಿತದಿಂದ ಮಾತ್ರ ಬರೋದಲ್ಲ. ಎಲ್ಲಿ ನಿಲ್ಲಿಸಬೇಕು ಅನ್ನೋದನ್ನು ಸಮಾಜ ತೀರ್ಮಾನಿಸುತ್ತದೆ. ಆಮೇಲೆ ದೇವರಾಜ ಅರಸರ ಕಾಲದಲ್ಲಿ 1976ರ ಋಣ ಪರಿಹಾರ ಕಾನೂನು ಬಂದಾಗಲೂ ಆದದ್ದು ಅದೇ.

ದಿನಕ್ಕೆ ಎರಡಾಣೆ

ಇನ್ನೊಂದು ಕಡೆ ಬ್ಯಾಂಕುಗಳು ಹುಟ್ಟುತ್ತಿದ್ದವು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್ ಶುರು ಮಾಡಿದ ಅಮ್ಮೆಂಬಳ ಸುಬ್ಬರಾವ್ ಪೈಗಳ ಹೆಸರಲ್ಲಿರುವ ಅಮ್ಮೆಂಬಳ, ಬಂಟ್ವಾಳ ತಾಲೂಕಿನ ಊರು. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಮೂಲ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕ್. ಒಂದೇ ಜಿಲ್ಲೆಯಿಂದ ಇಷ್ಟು.

ಇವುಗಳಲ್ಲಿ ನನ್ನ ವಿಷಯಕ್ಕೆ ಬೇಕಾದ್ದು ಸಿಂಡಿಕೇಟ್. ಕೈಮಗ್ಗದ ಕಸುಬು ಕಷ್ಟಕ್ಕೆ ಬಿದ್ದಾಗ ನೇಕಾರರಿಗೆ ನೆರವಾಗಲು ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಶುರು ಮಾಡಿದ್ದು. 1928ರಲ್ಲಿ ಅವರು ಪಿಗ್ಮಿ ಠೇವಣಿ ತಂದರು. ಏಜೆಂಟ್ ದಿನಾ ಮನೆ ಬಾಗಿಲಿಗೋ ಅಂಗಡಿಗೋ ಬರುತ್ತಾನೆ, ಎರಡಾಣೆ ಕೊಟ್ಟರೂ ಸಾಕು. ಎರಡಾಣೆ ಅಂದ್ರೆ ರೂಪಾಯಿಯ ಎಂಟನೇ ಒಂದು ಪಾಲು. ವರ್ಷಪೂರ್ತಿ ಕೊಟ್ಟರೆ 45 ರೂಪಾಯಿ 10 ಆಣೆ.

ಲೆಕ್ಕದ ದೃಷ್ಟಿಯಿಂದ ನೋಡಿದರೆ ಇಲ್ಲಿ ನಡೆದದ್ದು ಮೂರನೇ ಖಾನೆಯ ಬದಲಾವಣೆ. ದಿನಾ ದುಡಿದು ದಿನಾ ತಿನ್ನುವವನಿಗೆ ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯೋದಿಲ್ಲ. ಅವನು ಉಳಿಸೋದಿಲ್ಲ ಅಂತ ಬ್ಯಾಂಕುಗಳು ಅಂದುಕೊಂಡಿದ್ದವು. ಖಾನೆಯಲ್ಲಿ 'ದಿನ' ಅಂತ ಬರೆದ ಕೂಡಲೇ ಅವನೂ ಉಳಿಸುವವನಾದ. ಮನುಷ್ಯ ಬದಲಾಗಲಿಲ್ಲ, ಅಳತೆ ಬದಲಾಯಿತು ಅಷ್ಟೇ. ಇವತ್ತಿಗೂ ನಮ್ಮ ಪೇಟೆಗಳ ಅಂಗಡಿ, ಹೋಟೆಲ್‌ಗಳಿಗೆ ಸಂಜೆ ಹೊತ್ತಿಗೆ ಪಿಗ್ಮಿಯವರು ಬರೋದು ನಿಂತಿಲ್ಲ.

1969ರ ಜುಲೈ 19ರಂದು ರಾಷ್ಟ್ರೀಕರಣವಾದ 14 ಬ್ಯಾಂಕುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್ ಎರಡೂ ಇದ್ದವು. 1972ರಲ್ಲಿ ತೀರಾ ಬಡವರಿಗೆ ಶೇ. 4ರ ಬಡ್ಡಿಯ ಸಾಲ ಯೋಜನೆ ಬಂತು. 1974ರ ಮಾರ್ಚ್ 1ರಿಂದ ತಿದ್ದುಪಡಿಯಾದ ಭೂಸುಧಾರಣೆ ಕಾನೂನು ಜಾರಿಯಾಗಿ, ಚಾಲಗೇಣಿಯವರು 'ಡಿಕ್ಲರೇಶನ್' ಹಾಕಿ ಉಳುತ್ತಿದ್ದ ಭೂಮಿಯ ಯಜಮಾನರಾದರು. ನಮ್ಮ ಎಷ್ಟೋ ಮನೆಗಳಲ್ಲಿ ಬಿಇ ಓದುವ ಯೋಗ ಬಂದದ್ದು ಆ ಕಾಗದದಿಂದ. ಗೇಣಿ ಅಳೆಯೋದು ನಿಂತಿತು. ಗದ್ದೆ ಇದ್ದಲ್ಲಿ ನಿಧಾನಕ್ಕೆ ಅಡಕೆ ಬಂತು. ಆರ್‌ಟಿಸಿ ಹೆಸರಿಗೆ ಬಂದದ್ದರಿಂದ ಬ್ಯಾಂಕಿನ ಬಾಗಿಲೂ ತೆರೆಯಿತು. 1980ರ ದಶಕದಲ್ಲಿ ಬಂಟ್ವಾಳದವರೇ ಆದ ಬಿ. ಜನಾರ್ದನ ಪೂಜಾರಿ ಕೇಂದ್ರದಲ್ಲಿ ಹಣಕಾಸು ರಾಜ್ಯ ಸಚಿವರಾಗಿ ಸಾಲಮೇಳಗಳನ್ನು ನಡೆಸಿದರು. ಬ್ಯಾಂಕಿನ ಮೆಟ್ಟಿಲೇ ಹತ್ತದವರಿಗೆ ಮೈದಾನದಲ್ಲಿ ಸಾಲ ಸಿಕ್ಕಿತು ಅಂತ ಹೊಗಳುವವರೂ ಉಂಟು, ವಸೂಲಿಯ ಶಿಸ್ತು ಹಾಳಾಯಿತು ಅಂತ ಬೈಯುವವರೂ ಉಂಟು. ನನಗೆ ಅನ್ನಿಸೋದು ಇಷ್ಟು: ಸಾಲ ಕೊಡುವ ದಿನ ದೊಡ್ಡ ಮೇಳ ಆಯಿತು. ಆದಾಯ ಬರುವ ದಿನ ಯಾವುದು ಅಂತ ಕೂತು ಕೇಳುವ ಕೆಲಸಕ್ಕೆ ಮೇಳದ ಗದ್ದಲ ಸರಿಯಾದ ಜಾಗ ಅಲ್ಲ.

ವಾರದ ಕಂತು

ಕೂತು ಕೇಳುವ ಕೆಲಸ ಬೆಳೆದದ್ದು ಬೆಳ್ತಂಗಡಿಯಲ್ಲಿ. 1982ರಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯನ್ನು ಆ ತಾಲೂಕಿನಲ್ಲಿ ಶುರು ಮಾಡಿದರು. 1990ರ ದಶಕದಲ್ಲಿ ಅದರ 'ಪ್ರಗತಿಬಂಧು' ಗುಂಪುಗಳು ಹಬ್ಬಿದವು. ನಾಲ್ಕೈದು ಸಣ್ಣ ರೈತರ ಗುಂಪು, ವಾರಕ್ಕೊಂದು ದಿನ ಸರದಿಯಂತೆ ಒಬ್ಬೊಬ್ಬರ ಜಾಗದಲ್ಲಿ ಎಲ್ಲರೂ ದುಡಿಯೋದು, ಅವತ್ತೇ ಉಳಿತಾಯ, ಅವತ್ತೇ ಕಂತು. ಶ್ರಮವೇ ಇಲ್ಲಿ ಮೊದಲ ಠೇವಣಿ. ಪಕ್ಕದ ಮನೆಯವನು ನಿಮ್ಮ ತೋಟದಲ್ಲಿ ಗುಂಡಿ ತೋಡಿದ್ದಾನೆ, ನಿಮ್ಮ ಕಷ್ಟ ಅವನಿಗೆ ಗೊತ್ತು.

ವಾರ ಅನ್ನುವ ಅಳತೆ ನಮ್ಮ ಕಡೆ ಒಗ್ಗಿದ್ದಕ್ಕೆ ಇನ್ನೊಂದು ಕಾರಣ ಬೀಡಿ. ಬಂಟ್ವಾಳದಿಂದ ಮೂಡುಬಿದಿರೆ ತನಕ ಹೆಂಗಸರು ಬೀಡಿ ಕಟ್ಟಿ ಬ್ರಾಂಚಿಗೆ ಕೊಂಡು ಹೋಗಿ ಸಾವಿರಕ್ಕೆ ಇಷ್ಟು ಅಂತ ಮಜೂರಿ ತರುತ್ತಿದ್ದರು, ಈಗಲೂ ತರುವವರಿದ್ದಾರೆ. ಸಣ್ಣ ಸಣ್ಣ ಮೊತ್ತ ಆಗಾಗ ಕೈಗೆ ಬರುವ ಮನೆಗೆ ವಾರದ ಕಂತು ಭಾರವಾಗೋದಿಲ್ಲ. ಅದೇ ವಾರದ ಕಂತನ್ನು ವರ್ಷಕ್ಕೆ ಎರಡು ಸಲ ಅಡಕೆ ಮಾರುವ, ಬೇರೆ ದುಡಿಮೆ ಇಲ್ಲದ ಮನೆಗೆ ಹೊರಿಸಿದರೆ ಕಥೆಯೇ ಬೇರೆ. ಕಂತು ಕಟ್ಟಲು ಇನ್ನೊಂದು ಕಡೆ ಸಾಲ ಮಾಡಬೇಕಾಗುತ್ತದೆ.

ಮೈಕ್ರೋಫೈನಾನ್ಸ್ ವ್ಯಾಪಾರವಾಗಿ ರಾಜ್ಯದ ತುಂಬ ಬೆಳೆದ ಮೇಲೆ ಎಷ್ಟೋ ಕಡೆ ಆದದ್ದು ಇದು. ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್‌ನಿಂದ ನಿಯಮ ಹಾಕಿತು: ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಕುಟುಂಬಕ್ಕೆ ಸಾಲ ಕೊಡುವಾಗ, ಆ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಫ್ಲಾಟ್ ಅನ್ನುವ ಮಾಯೆ

ಈಗ ನಮ್ಮ ತಿಂಗಳಿಗೆ ಬರೋಣ. 1 ಲಕ್ಷ ರೂಪಾಯಿ, ಶೇ. 12, ಒಂದು ವರ್ಷ. ಇದನ್ನು ಮೂರು ರೀತಿ ಲೆಕ್ಕ ಹಾಕಬಹುದು.

ವರ್ಷದ ಕೊನೆಗೆ ಒಮ್ಮೆಲೇ ಕಟ್ಟಿದರೆ ಬಡ್ಡಿ 12,000 ರೂಪಾಯಿ. ಪೂರ್ತಿ ಹಣ ವರ್ಷವಿಡೀ ನಿಮ್ಮ ಹತ್ತಿರ ಇತ್ತು, ಸರಿ.

ತಿಂಗಳ ಕಂತಿನಲ್ಲಿ, ಇಳಿಯುವ ಬಾಕಿಯ ಮೇಲೆ ಬಡ್ಡಿ ಹಾಕಿದರೆ ಕಂತು 8,885. ಒಟ್ಟು ಬಡ್ಡಿ ಸುಮಾರು 6,619. ಅಸಲು ತಿಂಗಳು ತಿಂಗಳು ವಾಪಸ್ ಹೋಗುತ್ತಾ ಇರೋದರಿಂದ ಬಡ್ಡಿ ಕಡಿಮೆ.

ಮೂರನೆಯದು ಫ್ಲಾಟ್. ಬಡ್ಡಿ 12,000 ಅಂತ ಮೊದಲೇ ಸೇರಿಸಿ, 1,12,000ವನ್ನು 12ರಿಂದ ಭಾಗಿಸಿ ತಿಂಗಳಿಗೆ 9,333 ಅಂತಾರೆ. ಇಲ್ಲಿ ನಿಮ್ಮಿಂದ ತಗೊಳ್ಳೋದು ವರ್ಷಕ್ಕೊಮ್ಮೆ ಕಟ್ಟುವವನ ಬಡ್ಡಿ, ಆದರೆ ಕಟ್ಟಿಸೋದು ತಿಂಗಳಿಗೊಮ್ಮೆ ಕಟ್ಟುವವನ ಕಂತು. ಇಳಿಯುವ ಬಾಕಿಯ ಲೆಕ್ಕದಲ್ಲಿ ಇದರ ನಿಜವಾದ ದರ ಶೇ. 21.46. ವಾರದ ಕಂತಿನಲ್ಲೂ ಇದೇ ಆಟ. 10,000ಕ್ಕೆ ವಾರಕ್ಕೆ 220ರಂತೆ 50 ವಾರ ಕಟ್ಟಿ, ಬಡ್ಡಿ ಬರೀ 1,000 ಅಂದರೆ ಶೇ. 10 ಅಂತ ಅನ್ನಿಸುತ್ತದೆ. ವರ್ಷದ ಲೆಕ್ಕಕ್ಕೆ ತಂದರೆ ಅದು ಶೇ. 19.8ರ ಹತ್ತಿರ.

ಈ ಮಾಯೆಗೆ ಬೆಳಕು ಹಾಕುವ ಕೆಲಸ ನಿಧಾನಕ್ಕೆ ಆಗುತ್ತಾ ಬಂದಿದೆ. ಮೊದಲು ಎಷ್ಟೋ ಸಾಲಗಳಿಗೆ ಮೂರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಬಡ್ಡಿಯ ಲೆಕ್ಕ ಆಗುತ್ತಿತ್ತು. 2002ರ ಏಪ್ರಿಲ್‌ನಿಂದ ಬ್ಯಾಂಕುಗಳು ತಿಂಗಳ ಲೆಕ್ಕಕ್ಕೆ ಬಂದವು. ಸ್ವಾರಸ್ಯ ಏನಂದ್ರೆ, ಕೃಷಿ ಸಾಲಕ್ಕೆ ಇದು ಬೇಡ, ಬೆಳೆಯ ಹಂಗಾಮಿಗೆ ತಕ್ಕ ಹಾಗೆಯೇ ಬಡ್ಡಿ ಹಾಕಿ ಅಂತ ರಿಸರ್ವ್ ಬ್ಯಾಂಕ್ ಅದೇ ಹೊತ್ತಿಗೆ ಹೇಳಿತ್ತು. ಅತ್ತೆಯ ಮಾತನ್ನು ಮುಂಬೈಯಲ್ಲಿ ಯಾರೋ ಮೊದಲೇ ಕೇಳಿಸಿಕೊಂಡಿದ್ದರು ಅನ್ನಬೇಕು. 2019ರ ಅಕ್ಟೋಬರ್‌ನಿಂದ ಫ್ಲೋಟಿಂಗ್ ದರದ ಹೊಸ ಗೃಹಸಾಲಗಳನ್ನು ಬ್ಯಾಂಕುಗಳು ರೆಪೋದಂಥ ಹೊರಗಿನ ದರಕ್ಕೆ ಜೋಡಿಸಬೇಕಾಯಿತು. ದರ ಏರಿದಾಗ ಕಂತು ಹಾಗೇ ಇಟ್ಟು ಸದ್ದಿಲ್ಲದೆ ವರ್ಷ ಏರಿಸುತ್ತಿದ್ದರಲ್ಲ, 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಅದಕ್ಕೂ ಕಡಿವಾಣ ಹಾಕಿತು: ಕಂತು ಏರಿಸಬೇಕೋ ಅವಧಿ ಏರಿಸಬೇಕೋ ಅಂತ ಸಾಲಗಾರನನ್ನು ಕೇಳಬೇಕು. 2024ರ ಅಕ್ಟೋಬರ್ 1ರಿಂದ ಹೊಸ ರಿಟೇಲ್ ಸಾಲಗಳಿಗೆ ಮುಖ್ಯ ವಿವರಗಳ ಒಂದು ಪತ್ರ ಕೊಡಲೇಬೇಕು. ಅದರಲ್ಲಿ ಪ್ರೊಸೆಸಿಂಗ್ ಫೀಸು, ಇನ್ಶೂರೆನ್ಸು ಎಲ್ಲ ಸೇರಿದ ವಾರ್ಷಿಕ ದರ, ಅಂದ್ರೆ ಎಪಿಆರ್ ಇರಬೇಕು. ಚೋಮನಿಗೆ ಸಿಗದ ಪುಸ್ತಕದ ಒಂದು ಪುಟ ಇದು. ಸಹಿ ಹಾಕುವ ಮೊದಲು ದಯವಿಟ್ಟು ಓದಿ.

ಅಪ್‌ಡೇಟಿನಲ್ಲಿ ಹಾಕಿದ್ದು

ಇಷ್ಟೆಲ್ಲ ಚರಿತ್ರೆ ಓದಿದ ಮೇಲೆ ಕೋಡಿನಲ್ಲಿ ಬದಲಾದದ್ದು ನಾಲ್ಕೇ ನಾಲ್ಕು.

ಮೊದಲನೆಯದು, 'ತಿಂಗಳ ಸಂಬಳ' ಅನ್ನುವ ಖಾನೆ ಹೋಯಿತು. ಅದರ ಬದಲು 'ಹಣ ಯಾವಾಗ ಬರುತ್ತದೆ, ಎಷ್ಟು' ಅಂತ ಎಷ್ಟು ಸಾಲು ಬೇಕಾದರೂ ತುಂಬಬಹುದು. ಅಡಕೆ ಜನವರಿಗೆ, ಬೀಡಿ ವಾರಕ್ಕೆ, ಮಗನ ಸಂಬಳ 1ನೇ ತಾರೀಕಿಗೆ. ಇದರಿಂದ ಏನು ವ್ಯತ್ಯಾಸ ಅಂತ ಒಂದು ಉದಾಹರಣೆ ನೋಡಿ. ಒಂದು ಮನೆಗೆ ವರ್ಷಕ್ಕೆ 3,60,000 ಆದಾಯ, ತಿಂಗಳ ಖರ್ಚು 18,000. ಸರಾಸರಿ ತೆಗೆದರೆ ತಿಂಗಳಿಗೆ 12,000 ಉಳಿಯುತ್ತದೆ. 8,000ದ ಕಂತು ಆರಾಮ ಅಂತ ಯಾವ ಕ್ಯಾಲ್ಕುಲೇಟರಾದರೂ ಹೇಳುತ್ತದೆ. ಆದರೆ ಆಗಸ್ಟ್ ತಿಂಗಳಲ್ಲಿ ಆ ಮನೆಯ ಕೈಯಲ್ಲಿರೋದು 1 ಲಕ್ಷ, ಮುಂದಿನ ಆದಾಯ ಜನವರಿಗೆ. ಖರ್ಚು, ಕಂತು ಸೇರಿ ತಿಂಗಳಿಗೆ 26,000. ನವೆಂಬರ್‌ನಲ್ಲಿ 4,000 ಕೊರತೆ, ಡಿಸೆಂಬರ್ ಮುಗಿಯುವಾಗ 30,000. ಈ 30,000ಕ್ಕೆ ಅವರು ಒಣಗದ ಅಡಕೆ ಮಾರಬೇಕು, ಇಲ್ಲ ಚಿನ್ನ ಇಡಬೇಕು, ಇಲ್ಲ 'ಮೂರು ರೂಪಾಯಿ ಬಡ್ಡಿ'ಗೆ ಕೈ ಚಾಚಬೇಕು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೈಲುತುತ್ತು ಹೊಡೆಸುವ ಖರ್ಚು, ಮಕ್ಕಳ ಶಾಲೆ ಫೀಸು ನಾನಿನ್ನೂ ಸೇರಿಸಿಲ್ಲ. ವರ್ಷದ ಲೆಕ್ಕ ಸರಿ ಇದ್ದೂ ಮನೆ ಮುಳುಗಬಹುದು. ಈಗ ಕ್ಯಾಲ್ಕುಲೇಟರ್ ಆ ನವೆಂಬರನ್ನು ಕೆಂಪು ಬಣ್ಣದಲ್ಲಿ ತೋರಿಸುತ್ತದೆ.

ಎರಡನೆಯದು, ಕಂತಿನ ಅವಧಿ: ದಿನ, ವಾರ, ತಿಂಗಳು, ಬೆಳೆಗೊಮ್ಮೆ. ಒಂದರ ಪಕ್ಕ ಇನ್ನೊಂದು. ಬೆಳೆಗೊಮ್ಮೆ ಕಟ್ಟೋದು ಪುಕ್ಕಟೆ ಅಲ್ಲ ಅನ್ನೋದನ್ನೂ ಅದು ಹೇಳುತ್ತದೆ. ಮೇಲಿನ 1 ಲಕ್ಷದ ಲೆಕ್ಕದಲ್ಲಿ ವರ್ಷಕ್ಕೊಮ್ಮೆ ಕಟ್ಟಿದರೆ ತಿಂಗಳ ಕಂತಿಗಿಂತ 5,381 ರೂಪಾಯಿ ಜಾಸ್ತಿ ಬಡ್ಡಿ. ಸಂಬಳದವರಿಗೆ ಅದು ದಂಡ. ಅಡಕೆಯವರಿಗೆ ಎರಡನೇ ಸಾಲ ತಪ್ಪಿದರೆ ಅದು ಲಾಭ.

ಮೂರನೆಯದು, ಯಾವ ರೀತಿಯಲ್ಲಿ ದರ ಹಾಕಿದರೂ, 'ಎರಡು ರೂಪಾಯಿ ಬಡ್ಡಿ' ಅಂತ ಟೈಪ್ ಮಾಡಿದರೂ, ಫ್ಲಾಟ್ ಅಂದರೂ, ಉತ್ತರ ಇಳಿಯುವ ಬಾಕಿಯ ವಾರ್ಷಿಕ ದರದಲ್ಲೇ ಬರುತ್ತದೆ. ಎಲ್ಲ ಸಾಲಕ್ಕೂ ಒಂದೇ ತಕ್ಕಡಿ.

ನಾಲ್ಕನೆಯದು, ಯಾವ ಸಾಲ ಮೊದಲು ತೀರಿಸಬೇಕು ಅನ್ನುವ ಪಟ್ಟಿ. ಇದಕ್ಕೆ ಜಗತ್ತಿನಲ್ಲಿ ಎರಡು ಜನಪ್ರಿಯ ದಾರಿ ಉಂಟು: ಹೆಚ್ಚು ಬಡ್ಡಿಯದ್ದು ಮೊದಲು, ಇಲ್ಲವೇ ಚಿಕ್ಕ ಸಾಲ ಮೊದಲು. ಮೊದಲನೆಯದರಲ್ಲಿ ದುಡ್ಡು ಉಳಿಯುತ್ತದೆ, ಎರಡನೆಯದರಲ್ಲಿ ಧೈರ್ಯ ಬರುತ್ತದೆ. ಊರಲ್ಲಿ ಮೂರನೆಯದ್ದೂ ಒಂದುಂಟು: ಯಾರ ಮುಖ ನೋಡಲು ಕಷ್ಟವೋ ಅವರದ್ದು ಮೊದಲು. ಗಣಿತಕ್ಕೆ ಅದು ಒಪ್ಪದಿದ್ದರೂ ನಾವು ಅದನ್ನು ಸೇರಿಸಿದ್ದೇವೆ. ಜಾತ್ರೆಯಲ್ಲಿ, ಮದುವೆಯಲ್ಲಿ ತಲೆ ತಗ್ಗಿಸದೆ ನಡೆಯೋದಕ್ಕೂ ಒಂದು ಬೆಲೆ ಇದೆ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರ ಮನೆಯಲ್ಲಿ ಎರಡು ಪಂಚಾಂಗ ನಡೆಯುತ್ತಿರುತ್ತದೆ. ನಿಮ್ಮದು ತಿಂಗಳಿನದ್ದು, ಊರಿನದ್ದು ಬೆಳೆಯದ್ದು. ನಿಮ್ಮ ಹೆಸರಲ್ಲಿ ಫ್ಲಾಟಿನ ಸಾಲ, ಅಪ್ಪನ ಹೆಸರಲ್ಲಿ ಸೊಸೈಟಿಯ ಸಾಲ, ಅಮ್ಮನ ಹೆಸರಲ್ಲಿ ಸಂಘದ ಸಾಲ. ಮೂರನ್ನೂ ಒಂದೇ ಹಾಳೆಯ ಮೇಲೆ ಬರೆದ ಮನೆ ಕಡಿಮೆ. ಮುಂದಿನ ಸಲ ಊರಿಗೆ ಹೋದಾಗ ಬಾಕಿ ಎಷ್ಟು ಅಂತ ಕೇಳಬೇಡಿ. ಹಾಗೆ ಕೇಳಿದರೆ 'ಅದೆಲ್ಲ ಎಂತ ಇಲ್ಲ, ನೀನು ಊಟ ಮಾಡು' ಅಂತಾರೆ. ಕಂತು ಯಾವ ದಿನ, ಅಡಕೆ ಕೊಡೋದು ಯಾವಾಗ ಅಂತ ಕೇಳಿ. ಉತ್ತರ ಬರುತ್ತದೆ. ಆ ಎರಡು ದಿನಗಳ ನಡುವೆ ಎಷ್ಟು ತಿಂಗಳ ಅಂತರ ಇದೆಯೋ, ನೀವು ಕಳಿಸುವ ಹಣ ಅಲ್ಲಿಗೆ ಹೋಗಿ ಬೀಳಲಿ.